ಮಾತಿಗೊಂದು ಗುಂಡಿ

ಇಡೀ ಕಟ್ಟಡ ಅವರನ್ನು ಕರೆಯುತ್ತಿದ್ದುದು 'ಮಾತಾಡಿ ಮೇಷ್ಟ್ರು' ಎಂದು. ನೆಲಮಹಡಿಯ ಕನ್ನಡಕದ ಅಂಗಡಿಯವನಿಂದ ಹಿಡಿದು ಮೆಟ್ಟಿಲು ಗುಡಿಸುವವಳವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು. ಹೆಸರಿಟ್ಟವರದೇನೂ ತಪ್ಪಿರಲಿಲ್ಲ. ಸಂಜೆ ಆರಕ್ಕೆ ಮೂರನೇ ಮಹಡಿಯ ಭಾಷಾ ಶಾಲೆಯಲ್ಲಿ ಪರಭಾಷೆಯ ತರಗತಿ ಶುರುವಾದರೆ ಏಳೂವರೆಯವರೆಗೆ ಮುಚ್ಚಿದ ಬಾಗಿಲನ್ನೂ ದಾಟಿ ಒಂದೇ ದನಿ ಕೆಳಗಿಳಿದು ಬರುತ್ತಿತ್ತು.

"ಮಾತಾಡಿ! ಬಾಯಿ ಬಿಟ್ಟು ಮಾತಾಡಿ! ತಪ್ಪಾದ್ರೆ ಆಗ್ಲಿ, ಆಕಾಶ ಏನೂ ಕಳಚಿ ಬೀಳಲ್ಲ! ಈಜು ಬರ್ಬೇಕು ಅಂದ್ರೆ ನೀರಿಗೆ ಇಳೀಬೇಕು!"

ಇಷ್ಟನ್ನೂ ಅವರು ಹೇಳುತ್ತಿದ್ದುದು ನಮ್ಮ ಭಾಷೆಯಲ್ಲಿ. ಮಾತಾಡುವುದರ ಮಹತ್ವವನ್ನು ಕುರಿತು ಮುಕ್ಕಾಲು ಗಂಟೆ ಮಾತಾಡಿ, ಉಳಿದ ಮುಕ್ಕಾಲು ಗಂಟೆ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಹದಿನಾಲ್ಕು ಮಂದಿ ವಿದ್ಯಾರ್ಥಿಗಳು ತುಟಿ ಪಿಟಕ್ಕೆನ್ನದೆ ಅದನ್ನು ನಕಲು ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ವರ್ಷದ ಕೊನೆಗೆ ಅವರ ನೋಟು ಪುಸ್ತಕಗಳಿಗೆ ಪರಭಾಷೆ ಚೆನ್ನಾಗಿಯೇ ಬಂದಿರುತ್ತಿತ್ತು.

ಇನ್ನು ಮೇಷ್ಟ್ರ ವಿಷಯ. ಊರಿಗೆಲ್ಲ ನೀರಿಗಿಳಿಯಿರಿ ಎಂದು ಹೇಳುತ್ತಿದ್ದ ಈ ಮನುಷ್ಯ ಸ್ವತಃ ಕಾಲು ಕೂಡ ನೆನೆಸಿಕೊಂಡಿರಲಿಲ್ಲ. ಇಪ್ಪತ್ತೆರಡು ವರ್ಷ ಪರಭಾಷೆ ಕಲಿಸಿದ್ದರು, ಆದರೆ ಆ ಭಾಷೆಯಲ್ಲಿ ಯಾರೊಡನೆಯೂ ಒಂದೇ ಒಂದು ಮಾತು ಆಡಿರಲಿಲ್ಲ. ಬರೆದರೆ ಮುತ್ತು ಪೋಣಿಸಿದ ಹಾಗೆ. ಇಟ್ಟಿಗೆ ಗಾತ್ರದ ಪುಸ್ತಕಗಳನ್ನು ನಿಘಂಟಿಲ್ಲದೆ ಓದುತ್ತಿದ್ದರು. ಬೇರೆಯವರು ಆಡಿದರೆ ಅಕ್ಷರಕ್ಷರವೂ ಅರ್ಥವಾಗುತ್ತಿತ್ತು. ತಾವು ಆಡಬೇಕೆಂದರೆ ಮಾತ್ರ ಗಂಟಲು ಕಟ್ಟಿ, ನಾಲಿಗೆ ಮರದ ತುಂಡಾಗುತ್ತಿತ್ತು.

ಇದಕ್ಕೂ ಒಂದು ಹಳೆಯ ಕಾರಣವಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ, ತಾವೇ ವಿದ್ಯಾರ್ಥಿಯಾಗಿದ್ದಾಗ, ಒಮ್ಮೆ ಧೈರ್ಯ ಮಾಡಿ ಎದ್ದು ನಿಂತು ಒಂದು ವಾಕ್ಯ ಹೇಳಿದ್ದರು. ಅವರ ಗುರುಗಳು ಕನ್ನಡಕ ತೆಗೆದು, "ಇದು ಯಾವ ದೇಶದ ಭಾಷೆ ಕಣಯ್ಯ? ಯಾರೋ ಕೋಳಿ ಕತ್ತು ಹಿಸುಕಿದ ಹಾಗಿದೆ" ಎಂದರು. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಡುಗ ಕೂತ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದನ್ನು ಅವತ್ತೇ ಕಲಿತ. ಪರೀಕ್ಷೆಯಲ್ಲಿ ಮೊದಲನೆಯವನಾಗಿ ಪಾಸಾದ, ಯಾಕೆಂದರೆ ಪರೀಕ್ಷೆ ಪೂರ್ತಿ ಕಾಗದದ ಮೇಲಿತ್ತು. ಕಾಗದದ ಮೇಲೆ ಮೊದಲನೆಯವನಾದವನಿಗೆ ಮೇಷ್ಟ್ರ ಕೆಲಸ ಸಿಕ್ಕಿತು. ಲೋಕ ನಡೆಯುವುದೇ ಹಾಗೆ.

ಪಾಠವನ್ನು ಗಟ್ಟಿಯಾಗಿ ಓದಬೇಕಾಗಿ ಬಂದಾಗ ಅವರು ಬೀರುವಿನಿಂದ ಒಂದು ಸ್ಪೀಕರು ತೆಗೆಯುತ್ತಿದ್ದರು. ಅದರೊಳಗೆ ಆ ಭಾಷೆಯ ದೇಶದ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಇಪ್ಪತ್ತೆರಡು ವರ್ಷದಿಂದ ಅದೇ ಹೋಟೆಲಿನಲ್ಲಿ ಅದೇ ಕೋಣೆ ಕೇಳುತ್ತಿದ್ದರು. "ನನ್ನ ಉಚ್ಚಾರ ಕೇಳಿದ್ರೆ ನಿಮಗೆ ನನ್ನ ತಪ್ಪುಗಳು ಅಂಟ್ಕೊಳ್ತವೆ. ಮೂಲ ದನಿಯನ್ನೇ ಕೇಳಿ" ಎನ್ನುತ್ತಿದ್ದರು ಮೇಷ್ಟ್ರು. ಪ್ರಾಂಶುಪಾಲರಿಗೆ ಇದು ಎಷ್ಟು ಹಿಡಿಸಿತೆಂದರೆ, ಶಾಲೆಯ ಕರಪತ್ರದಲ್ಲಿ 'ವಿಶಿಷ್ಟ ಮೂಲಧ್ವನಿ ಪದ್ಧತಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರು. ಒಬ್ಬನ ಭಯ ಹೀಗೆ ಒಂದು ಸಂಸ್ಥೆಯ ಪದ್ಧತಿಯಾಯಿತು.

ಗುಟ್ಟು ತಿಳಿದಿದ್ದವಳು ಒಬ್ಬಳೇ, ಅವರ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲಾ ಸಮವಸ್ತ್ರ, ಕೋಟು ಹೊಲಿಯುವವಳು. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಗಂಡನ ಜೇಬಿನಲ್ಲಿ ಅವಳಿಗೊಂದು ವಿದೇಶಿ ಚಾಕಲೇಟು ಸಿಕ್ಕಿತು. ಎಲ್ಲಿಯದೆಂದು ಕೇಳಿದಾಗ ಮೇಷ್ಟ್ರು ಎಲ್ಲವನ್ನೂ ಹೇಳಿಬಿಟ್ಟರು. ಶಾಲೆಯ ಎದುರಿನ ಬಸ್ ಸ್ಟಾಪಿನಲ್ಲಿ ಆ ದೇಶದ ಗಂಡ ಹೆಂಡತಿ ನಕ್ಷೆ ಹಿಡಿದುಕೊಂಡು ಬಂದು, ವಸ್ತು ಸಂಗ್ರಹಾಲಯಕ್ಕೆ ಯಾವ ಬಸ್ಸು ಎಂದು ಇವರನ್ನೇ ಕೇಳಿದ್ದರು. ಇವರ ತಲೆಯಲ್ಲಿ ಒಂದಲ್ಲ, ಮೂರು ಸರಿಯಾದ ಉತ್ತರಗಳು ಸಾಲಾಗಿ ನಿಂತವು. ಬಾಯಿಂದ ಒಂದೂ ಹೊರಗೆ ಬರಲಿಲ್ಲ. ಬದಲಿಗೆ ಕೈ ತಾನಾಗಿ ಮೇಲೆದ್ದು ಕಿವಿ ಮುಟ್ಟಿತು, ತಲೆ ಅಡ್ಡಡ್ಡ ಆಡಿತು. ಪಾಪ, ಕಿವುಡ ಎಂದುಕೊಂಡ ಆ ದಂಪತಿ ಭುಜ ತಟ್ಟಿ, ಚಾಕಲೇಟು ಕೈಗಿಟ್ಟು ಹೋದರು. ಅಂದಿನಿಂದ ಮೇಷ್ಟ್ರು ಆ ಸ್ಟಾಪಿನಲ್ಲಿ ಬಸ್ಸು ಹತ್ತಿದವರಲ್ಲ. ಕಾಲು ಗಂಟೆ ನಡೆದು ಮುಂದಿನ ಸ್ಟಾಪಿಗೆ ಹೋಗುತ್ತಿದ್ದರು. ಕೇಳಿದವರಿಗೆ ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಿದ್ದರು.

ಹೀಗೆ ನಡೆದುಕೊಂಡೇ ನಿವೃತ್ತಿಯವರೆಗೂ ಹೋಗಿಬಿಡುತ್ತಿದ್ದರೋ ಏನೋ. ಅಷ್ಟರಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ವಿದ್ಯಾರ್ಥಿಗಳು ದಿನಕ್ಕೆ ಎಷ್ಟು ವಾಕ್ಯ ಮಾತಾಡಿದರು ಎಂಬುದನ್ನು ಪ್ರತಿ ತರಗತಿಯೂ ರಿಜಿಸ್ಟರಿನಲ್ಲಿ ಬರೆಯಬೇಕು. ಮಾತಾಡದ ತರಗತಿಗಳನ್ನು ಮುಚ್ಚಲಾಗುವುದು. ಪ್ರಾಂಶುಪಾಲರು ಅದನ್ನು ಮೇಷ್ಟ್ರ ಮುಂದೆ ಹಿಡಿದು, "ನಿಮಗೇನ್ ಬಿಡಿ, ನೀವು ಮಾತಾಡ್ಸೋದ್ರಲ್ಲಿ ಎತ್ತಿದ ಕೈ" ಎಂದರು. ಮೇಷ್ಟ್ರಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಆ ಸಂಜೆ ಮನೆಯಲ್ಲಿ ಹೆಂಡತಿ ಗುಂಡಿಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸುತ್ತಿದ್ದಳು. ಅದನ್ನು ನೋಡುತ್ತ ಕೂತಿದ್ದ ಮೇಷ್ಟ್ರಿಗೆ ಉಪಾಯ ಹೊಳೆಯಿತು. ಮಾರನೆಯ ದಿನ ಎಪ್ಪತ್ತು ಗುಂಡಿ ಮತ್ತು ಒಂದು ಖಾಲಿ ಬಿಸ್ಕತ್ತಿನ ಡಬ್ಬಿಯೊಂದಿಗೆ ತರಗತಿಗೆ ಹೋದರು. ಪ್ರತಿಯೊಬ್ಬರಿಗೂ ಐದು ಗುಂಡಿ. ಪರಭಾಷೆಯಲ್ಲಿ ಒಂದು ಮಾತಾಡಿದರೆ ಒಂದು ಗುಂಡಿ ಡಬ್ಬಿಗೆ. ಕೊನೆಯಲ್ಲಿ ಕೈಯಲ್ಲಿ ಗುಂಡಿ ಉಳಿದವರು ಎಲ್ಲರೆದುರು ಬಂದು ಅದನ್ನು ವಾಪಸ್ಸು ಕೊಡಬೇಕು.

ಮೊದಲ ದಿನ ಹತ್ತು ನಿಮಿಷ, ಹಿಂದಿನ ಬೆಂಚುಗಳ ನಡುವೆ ಸ್ಟೂಲಿನ ಮೇಲಿಟ್ಟ ಡಬ್ಬಿ ಹೊಟ್ಟೆಗಿಲ್ಲದೆ ಕೂತಿತ್ತು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. ಬೆನ್ನ ಹಿಂದೆ 'ಟಣ್' ಎಂದು ಶಬ್ದವಾಯಿತು. ತಿರುಗಿ ನೋಡಿದರೆ ಕೊನೆಯ ಬೆಂಚಿನ ಪಿಂಚಣಿ ತಾತ ಸೂರು ನೋಡುತ್ತ ಕೂತಿದ್ದರು. ತಾತ ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಠಸ್ಸೆ ಹೊಡೆದು ನಿವೃತ್ತರಾದವರು. ಯಾವುದನ್ನು ಎಲ್ಲಿ ಹಾಕಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತು.

"ಏನ್ ಹೇಳಿದ್ರಿ ತಾತ?"

"ಹೇಳಿದೆ ಸಾರ್, ಮೆಲ್ಲಗೆ."

ಮೇಷ್ಟ್ರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಬಹುದಿತ್ತು. ಮತ್ತೆ ಬೋರ್ಡಿನ ಕಡೆ ತಿರುಗಿದರು, ಮತ್ತು ಈ ಸಲ ಸ್ವಲ್ಪ ಹೆಚ್ಚು ಹೊತ್ತು ಬರೆದರು. ಟಣ್, ಟಣ್, ಟಣ್. ದೊಡ್ಡ ಹೋಟೆಲಿನಲ್ಲಿ ಲಿಫ್ಟು ನಡೆಸುವವನೊಬ್ಬ ಇದ್ದ. ಅವನಂತೂ ನೀರು ಕುಡಿಯಲು ಎದ್ದು ಹೋಗುವಾಗ ಎರಡು, ಬರುವಾಗ ಮೂರು ಹಾಕಿ ನಿರುಮ್ಮಳನಾದ. ಮೇಷ್ಟ್ರು ರಿಜಿಸ್ಟರಿನಲ್ಲಿ 'ಅರವತ್ತೈದು ವಾಕ್ಯ' ಎಂದು ದುಂಡಗೆ ಬರೆದರು.

ಎಪ್ಪತ್ತರಲ್ಲಿ ಐದು ಕಡಿಮೆಯಾದದ್ದು ಒಬ್ಬಳಿಂದ. ಅವಳು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಆಯಾ. ತರಗತಿಯವರು ವಾರ್ಡಮ್ಮ ಎನ್ನುತ್ತಿದ್ದರು. ಪಾಳಿ ಮುಗಿಸಿ ಫಿನಾಯಿಲಿನ ವಾಸನೆಯೊಂದಿಗೇ ಬರುತ್ತಿದ್ದಳು. ಪ್ರತಿ ದಿನ ಕೊನೆಯಲ್ಲಿ ಎದ್ದು ಬಂದು ಐದೂ ಗುಂಡಿಗಳನ್ನು ಮೇಜಿನ ಮೇಲೆ ಇಡುತ್ತಿದ್ದಳು.

"ಮಾತಾಡ್ಲಿಲ್ಲ ಸಾರ್. ಸುಮ್‌ಸುಮ್ನೆ ಯಾಕೆ ಹಾಕ್ಲಿ?"

"ನಿಮ್ಮೊಬ್ರಿಂದ ಇಡೀ ಕ್ಲಾಸಿನ ಲೆಕ್ಕ ಕೆಡ್ತಿದೆಯಮ್ಮ" ಎನ್ನುತ್ತಿದ್ದರು ಮೇಷ್ಟ್ರು, ನಿಜವಾದ ಬೇಸರದಿಂದ.

ಅವಳು ಈ ತರಗತಿಗೆ ಸೇರಿದ್ದು ಒಂದೇ ಒಂದು ಮಾತಿಗಾಗಿ. ವಾರ್ಡಿಗೆ ಒಮ್ಮೆ ಆ ದೇಶದ ಹಡಗಿನ ಕೆಲಸದವನೊಬ್ಬ ಬಂದು ಬಿದ್ದಿದ್ದ. ಮೂರು ದಿನ ನರಳಿದ. ಆಮೇಲೆ ಅವನನ್ನು ಬೇರೆ ಆಸ್ಪತ್ರೆಗೆ ಸಾಗಿಸಿದರು. "ಮಗ್ಗುಲು ಬದಲಾಯಿಸಿದೆ, ಮೈ ಒರೆಸಿದೆ, ಎಲ್ಲಾ ಮಾಡಿದೆ ಸಾರ್. ಎಲ್ಲಿ ನೋವು ಅಂತ ಕೇಳೋಕೆ ಮಾತ್ರ ನನಗೆ ಬಾಯಿ ಇರ್ಲಿಲ್ಲ. ಅದನ್ನ ಒಂದು ಕಲಿಸ್ಕೊಡಿ" ಎಂದು ಸೇರಿದ ದಿನವೇ ಕೇಳಿದ್ದಳು.

"ಅದು ಒಂಬತ್ತನೇ ಪಾಠ, ದೇಹದ ಅಂಗಗಳು. ನಾವಿನ್ನೂ ಎರಡರಲ್ಲಿದ್ದೀವಿ."

"ರೋಗಿಗೆ ಒಂಬತ್ತನೇ ಪಾಠದವರೆಗೂ ತಡ್ಕೋ ಅನ್ನೋಕಾಗುತ್ತಾ ಸಾರ್?"

ಅವಳ ಕಾಟ ತಾಳಲಾರದೆ ಮೇಷ್ಟ್ರು ಒಂದು ಚೀಟಿಯ ಮೇಲೆ 'ಎಲ್ಲಿ ನೋವು?', 'ಕೂತುಕೊಳ್ಳಿ' ಎಂಬ ಎರಡು ಮಾತುಗಳನ್ನು ಪರಭಾಷೆಯಲ್ಲಿ, ಕೆಳಗೆ ನಮ್ಮ ಅಕ್ಷರದಲ್ಲಿ, ಅಂದವಾಗಿ ಬರೆದುಕೊಟ್ಟರು. "ಹೇಗೆ ಅನ್ನೋದು, ನೀವೇ ಒಂದ್ಸಲ ಅಂದು ತೋರ್ಸಿ ಸಾರ್" ಎಂದಳು. ಮೇಷ್ಟ್ರಿಗೆ ಎಲ್ಲಿಲ್ಲದ ಕೆಮ್ಮು ಬಂತು. ನೀರು ಕುಡಿಯಲು ಹೋದವರು ಅವಳು ಮೆಟ್ಟಿಲಿಳಿಯುವವರೆಗೂ ಬರಲಿಲ್ಲ.

ಗುಂಡಿಯ ಕೀರ್ತಿ ಬೇಗ ಬೇಗ ಬೆಳೆಯಿತು. ಡಬ್ಬಿ ತುಂಬಿದವರಿಗೆ ಮೇಷ್ಟ್ರು 'ಭೇಷ್' ಎನ್ನುತ್ತಾರೆಂದು ತಿಳಿದ ಮೇಲೆ ಐದು ಗುಂಡಿ ಯಾರಿಗೂ ಸಾಲದಾಯಿತು. ಒಂದು ದಿನ ಎಣಿಸಿದರೆ ಎಂಬತ್ತಮೂರು ಬಂತು. ಕೊಟ್ಟಿದ್ದೇ ಎಪ್ಪತ್ತು, ಅದರಲ್ಲಿ ಐದು ವಾರ್ಡಮ್ಮನ ಮುಷ್ಟಿಯಲ್ಲಿತ್ತು. ಮಕ್ಕಳ ಅಂಗಿಯ ಗುಂಡಿ, ಸ್ವೆಟರಿನ ಗುಂಡಿ, ನಾಲ್ಕು ತೂತಿಗೂ ದಾರ ನೇತಾಡುತ್ತಿದ್ದ ದೊಡ್ಡ ಕೋಟಿನ ಗುಂಡಿ. "ಈ ಹೆಚ್ಚಿನವು ಯಾರದ್ದು?" ಎಂದು ಮೇಷ್ಟ್ರು ಕೇಳಿದರೋ ಇಲ್ಲವೋ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪಿಂಚಣಿ ತಾತ ಕೈಯಿಂದ ಕೋಟಿನ ಎದೆ ಮುಚ್ಚಿಕೊಂಡರು.

ಮೇಷ್ಟ್ರು ಪೆನ್ನು ಹಿಡಿದು ಎರಡು ನಿಮಿಷ ಯೋಚಿಸಿದರು. ಕೊನೆಗೆ ಎಂಬತ್ತಮೂರು ಎಂದೇ ಬರೆದರು. ಡಬ್ಬಿಯಲ್ಲಿ ಇರುವುದನ್ನು ಇಲ್ಲವೆನ್ನಲಾಗುತ್ತದೆಯೇ?

ಆ ಎಂಬತ್ತಮೂರೇ ಅವರ ಕುತ್ತಿಗೆಗೆ ಬಂತು. ಇಷ್ಟು ಮಾತಾಡುವ ತರಗತಿ ಸುತ್ತಮುತ್ತ ಎಲ್ಲೂ ಇಲ್ಲವೆಂದು ಮೇಲಿನವರು ಮೆಚ್ಚಿದರು, ಮೆಚ್ಚಿ ಸುಮ್ಮನಿರದೆ ಆ ದೇಶದ ಭಾಷಾ ಅಧಿಕಾರಿಣಿಗೆ ಕಾಗದ ಬರೆದರು. ಆಕೆ ತರಗತಿಯನ್ನು ನೋಡಲು ಬರುತ್ತೇನೆಂದು ಉತ್ತರಿಸಿದರು. ಪ್ರಾಂಶುಪಾಲರು ಮುಖವರಳಿಸಿಕೊಂಡು ಬಂದರು.

"ಇನ್ನು ಹನ್ನೆರಡು ದಿನ ಇದೆ. ಆಯಮ್ಮ ಒಬ್ರೇ ಬರ್ತಾರಂತೆ. ನನಗಂತೂ ಅವರ ಭಾಷೆ ಒಂದಕ್ಷರ ಬರಲ್ಲ. ನೀವಿದ್ದೀರಲ್ಲ, ಜೊತೇಲಿ ನಿಂತು ಅವರ ಹತ್ರ ಮಾತಾಡ್ತಾ ಇರಿ."

ಮೇಷ್ಟ್ರು ಇಪ್ಪತ್ತೆರಡು ವರ್ಷ ಕಟ್ಟಿದ ಮಾನ ಒಂದು ಸಂಜೆಯಲ್ಲಿ ಮಣ್ಣುಪಾಲಾಗುವುದಿತ್ತು. ವಿದ್ಯಾರ್ಥಿಗಳು ಬಾಯಿ ಬಿಡದಿದ್ದರೆ ತರಗತಿ ಹೋಗುತ್ತದೆ. ತಾವು ಬಾಯಿ ಬಿಡದಿದ್ದರೆ ತಾವೇ ಹೋದ ಹಾಗೆ.

ಮೊದಲು ವಿದ್ಯಾರ್ಥಿಗಳ ವ್ಯವಸ್ಥೆ ಮಾಡಿದರು. ಸ್ಪೀಕರಿನ ಪಾಠಗಳಿಂದ ಹೆಕ್ಕಿ ಹದಿನಾಲ್ಕು ಮಾತುಗಳ ಒಂದು ಸಂಭಾಷಣೆ ಬರೆದರು. ಕೂತ ಸಾಲಿನಂತೆ ಒಬ್ಬೊಬ್ಬರಿಗೆ ಒಂದೊಂದು ಮಾತು. ಕಿಟಕಿ ಪಕ್ಕದವನು ಸ್ವಾಗತ ಹೇಳುವುದು, ಅವನ ಪಕ್ಕದವಳು ಹವಾಮಾನ ವಿಚಾರಿಸುವುದು, ಹೀಗೇ ಸಾಗಿ ಕೊನೆಯ ಬೆಂಚಿನ ಪಿಂಚಣಿ ತಾತ ಬೀಳ್ಕೊಡುವುದು. ಉಚ್ಚಾರಕ್ಕೆ ಸ್ಪೀಕರಿನೊಳಗಿನ ದಂಪತಿಯ ಸಹಾಯ. ಎಲ್ಲರೂ ಹೋಟೆಲಿನ ಲಿಫ್ಟಿನಲ್ಲಿ, ಅಡುಗೆಮನೆಯಲ್ಲಿ, ಸಿಕ್ಕಸಿಕ್ಕಲ್ಲಿ ತಮ್ಮ ತಮ್ಮ ಮಾತು ಉರುಹೊಡೆದರು. ವಾರ್ಡಮ್ಮನಿಗೆ ಹಂಚಿದ್ದು 'ನಮ್ಮ ತೋಟದಲ್ಲಿ ಹಳದಿ ಹೂಗಳಿವೆ' ಎಂಬ ಮಾತು. "ನಮಗೆ ತೋಟ ಇಲ್ಲ ಸಾರ್" ಎಂದಳು. "ಹೇಳೋಕೆ ತೋಟ ಯಾಕಮ್ಮ ಬೇಕು?" ಎಂದು ಮೇಷ್ಟ್ರು ಗದರಿದರು.

ಇನ್ನು ತಮ್ಮ ವ್ಯವಸ್ಥೆ. ಮನೆಗೆ ಬಂದೊಡನೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಪೂರ್ತಿ ತಿರುಗಿಸಿ, ಕನ್ನಡಿಯ ಮುಂದೆ ನಿಲ್ಲುತ್ತಿದ್ದರು. ಐದನೇ ದಿನ ಹೆಂಡತಿ ಹೊರಗಿನಿಂದ ಕದ ತಟ್ಟಿದಳು.

"ರೀ, ಅರ್ಧ ಗಂಟೆಯಿಂದ ನೀರು ಹರೀತಿದೆ. ಮಾತೊಂದೂ ಹರೀತಿಲ್ವಲ್ಲ?"

ಮೇಷ್ಟ್ರು ನಲ್ಲಿ ನಿಲ್ಲಿಸಿ ಹೊರಗೆ ಬಂದರು. ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು. "ಆಗಲ್ಲ ಕಣೇ. ಬಾಯಿ ತೆಗೆದ್ರೆ ಆ ನಗು ಕೇಳ್ಸುತ್ತೆ."

"ತಪ್ಪಾದ್ರೆ ಆಗ್ಲಿ, ಆಕಾಶ ಕಳಚಿ ಬೀಳಲ್ಲ ಅಂತ ಊರಿಗೆಲ್ಲ ಹೇಳ್ತೀರಂತೆ?"

"ಅದು ಅವರಿಗೆ ಹೇಳೋದು."

ಹೆಂಡತಿ ಕೈಯಲ್ಲಿದ್ದ ತೋಳಿನ ಹೊಲಿಗೆಯನ್ನು ಸರ್ರನೆ ಬಿಚ್ಚಿದಳು. "ನೋಡಿ, ಉಲ್ಟಾ ಹೊಲಿದಿದ್ದೆ. ಮೂವತ್ತು ವರ್ಷದಿಂದ ಹೊಲೀತೀನಿ, ಇವತ್ತಿಗೂ ದಿನಕ್ಕೊಂದು ಬಿಚ್ತೀನಿ. ಬಿಚ್ಚೋಕೆ ಹೆದರಿದ್ದಿದ್ರೆ ಒಂದು ಅಂಗೀನೂ ಆಗ್ತಿರ್ಲಿಲ್ಲ. ಅಂದ ಹಾಗೆ, ನನ್ನ ಎಪ್ಪತ್ತು ಗುಂಡಿ ಯಾವಾಗ ವಾಪಸ್ಸು ಕೊಡ್ತೀರಿ?"



ಆ ದಿನ ಬಂತು. ಕಟ್ಟಡದ ಲಿಫ್ಟು ಕೆಟ್ಟು ವರ್ಷವಾಗಿತ್ತು. ಅತಿಥಿ ಬರುತ್ತಾರೆಂದು ಪ್ರಾಂಶುಪಾಲರು ಅದರ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದರು. ಅರವತ್ತು ದಾಟಿದ ಅಧಿಕಾರಿಣಿ ಹೊಸ ಬಣ್ಣವನ್ನು ಮೆಚ್ಚಿ ಮೂರು ಮಹಡಿ ಹತ್ತಿಕೊಂಡು ಬಂದರು. ಬೆಳ್ಳಗಿನ ತಲೆ, ನಗುಮುಖ, ಚಪ್ಪಟೆ ಬೂಟು. ತರಗತಿ ಎದ್ದು ನಿಂತಿತು. ಪ್ರಾಂಶುಪಾಲರು ಅವರಿಗೆ ಒಂದು ಕುರ್ಚಿ ತೋರಿಸಿದರು, ಆದರೆ ಅದರ ಮೇಲೆ ಹೂಗುಚ್ಛ ಇಟ್ಟಿದ್ದರಿಂದ ಆಕೆ ಕೂರಲಿಲ್ಲ. ಮೇಷ್ಟ್ರು ಬೋರ್ಡಿಗೆ ಬೆನ್ನು ಒತ್ತಿಕೊಂಡು ನಿಂತಿದ್ದರು. ಅಂಗಿಯ ಬೆನ್ನಿನ ತುಂಬ ಸೀಮೆಸುಣ್ಣ.

ಎಲ್ಲರೂ ಕಿಟಕಿ ಪಕ್ಕದವನತ್ತ ನೋಡಿದರು. ಅವನು ಸ್ವಾಗತಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿಣಿ ಮೆಲ್ಲಗೆ ನಡೆಯುತ್ತ ಹಿಂದಿನ ಬೆಂಚಿನ ಹತ್ತಿರ ಹೋಗಿಬಿಟ್ಟರು. ಮುಂದೆ ಕೂತವರು ಎಲ್ಲ ದೇಶದಲ್ಲೂ ಮಾತಾಡುತ್ತಾರೆ, ಹಿಂದಿನವರನ್ನು ಮೊದಲು ಕೇಳೋಣ ಎಂಬುದು ಅವರ ಅನುಭವವಿರಬೇಕು. ಪಿಂಚಣಿ ತಾತನ ಎದುರು ನಿಂತು ತಮ್ಮ ಭಾಷೆಯಲ್ಲಿ ಹೇಗಿದ್ದೀರಿ ಎಂದು ಕೇಳಿದರು.

ತಾತ ಎದ್ದು, ಎದೆಯುಬ್ಬಿಸಿ, ಹನ್ನೆರಡು ದಿನ ಉರುಹೊಡೆದದ್ದನ್ನು ಗಂಟೆ ಬಾರಿಸಿದ ಹಾಗೆ ಹೇಳಿದರು: "ನಿಮ್ಮ ಭೇಟಿಯಿಂದ ಬಹಳ ಸಂತೋಷವಾಯಿತು. ಸುಖವಾಗಿ ಹೋಗಿ ಬನ್ನಿ." ಹೇಳಿ ಗುಂಡಿ ಹಾಕಿದರು. ಟಣ್.

ಆಗ ತಾನೇ ಮೂರು ಮಹಡಿ ಹತ್ತಿ ಬಂದಿದ್ದ ಅಧಿಕಾರಿಣಿ ಬಾಗಿಲ ಕಡೆ ಒಮ್ಮೆ ನೋಡಿಕೊಂಡರು. ನಕ್ಕು, ಪಕ್ಕದ ಲಿಫ್ಟಿನವನನ್ನು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅವನು, "ಹೌದು, ನನ್ನ ಅತ್ತೆಯೂ ಅದನ್ನೇ ಹೇಳುತ್ತಾಳೆ" ಎಂದ. ಟಣ್. ಅವನಾಚೆಯವಳು ಯಾರೂ ಕೇಳದಿದ್ದರೂ ರೈಲು ಒಂಬತ್ತಕ್ಕೆ ಹೊರಡುತ್ತದೆಂದು ತಿಳಿಸಿದಳು. ಟಣ್. ಸಂಭಾಷಣೆ ಹಿಂದಿನಿಂದ ಮುಂದಕ್ಕೆ ನಡೆಯುತ್ತ, ಉತ್ತರವೆಲ್ಲ ಮೊದಲು ಬಂದು ಪ್ರಶ್ನೆಗಳು ಆಮೇಲೆ ಬರತೊಡಗಿದವು. ಪರಭಾಷೆ ಬಾರದ ಪ್ರಾಂಶುಪಾಲರು ಪ್ರತಿ ಟಣ್‌ಗೂ ಹೆಮ್ಮೆಯಿಂದ ತಲೆದೂಗಿದರು. ಮೇಷ್ಟ್ರಿಗೆ ಎಲ್ಲವೂ ಅರ್ಥವಾಗುತ್ತಿತ್ತು, ಅದೇ ಅವರ ಕರ್ಮ.

ಸರದಿ ವಾರ್ಡಮ್ಮನಿಗೆ ಬಂತು. ಅಧಿಕಾರಿಣಿ ಅವಳ ಮುಂದೆ ನಿಂತು, ನಿಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಕೇಳಿದರು. ಎಲ್ಲರೂ ಹಳದಿ ಹೂಗಳಿಗಾಗಿ ಕಾದರು. ವಾರ್ಡಮ್ಮ ಅವರ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು ಅವರ ಬಲಗಾಲಿನ ಮೇಲಿತ್ತು. ಆಕೆ ಒಳಗೆ ಬಂದಾಗಿನಿಂದ ಆ ಕಾಲಿಗೆ ಭಾರ ಹಾಕದೆ ಬೆಂಚಿನಿಂದ ಬೆಂಚಿಗೆ ಕೈಯೂರಿಕೊಂಡು ಬರುತ್ತಿದ್ದುದನ್ನು ಕೋಣೆಯಲ್ಲಿ ಗಮನಿಸಿದ್ದವಳು ಅವಳೊಬ್ಬಳೇ. ಉಳಿದವರೆಲ್ಲ ತಮ್ಮ ತಮ್ಮ ಮಾತು ಮರೆಯದ ಹಾಗೆ ಹಿಡಿದುಕೊಂಡಿದ್ದರು.

ವಾರ್ಡಮ್ಮ ಬಾಯಿ ಬಿಟ್ಟಳು. ಚೀಟಿಯ ಮೇಲಿನ ಮಾತನ್ನು ತನಗೆ ಬಂದ ಹಾಗೆ ಹೇಳಿದಳು. ಅಧಿಕಾರಿಣಿಗೆ ತಿಳಿಯಲಿಲ್ಲ. ಯಾರೋ ಕಿಸಕ್ಕೆಂದರು. ಅವಳು ಆ ಕಡೆ ನೋಡಲೂ ಇಲ್ಲ. ಸ್ವಲ್ಪ ಬೇರೆ ಥರ ಎಳೆದು ಇನ್ನೊಮ್ಮೆ ಹೇಳಿದಳು. ಮೂರನೆಯ ಸಲ ಮೊಣಕಾಲಿನ ಕಡೆ ಕೈ ತೋರಿಸುತ್ತ ಹೇಳಿದಳು.

"ಎಲ್ಲಿ ನೋವು?"

ಅಧಿಕಾರಿಣಿಯ ಮುಖದಿಂದ ಅಧಿಕಾರಿಣಿ ಹೊರಟುಹೋಗಿ, ಕಾಲುನೋವಿನ ಒಬ್ಬ ವಯಸ್ಸಾದ ಹೆಂಗಸು ಮಾತ್ರ ಉಳಿದಳು. "ಇಲ್ಲಿ" ಎಂದು ಮೊಣಕಾಲ ಚಿಪ್ಪು ಮುಟ್ಟಿದರು. "ಮೆಟ್ಟಿಲು" ಎಂದರು. ವಾರ್ಡಮ್ಮ ತನ್ನ ಎರಡನೆಯ ಮಾತನ್ನೂ ಖರ್ಚು ಮಾಡಿದಳು, "ಕೂತುಕೊಳ್ಳಿ." ಹೂಗುಚ್ಛ ಎತ್ತಿ ಪ್ರಾಂಶುಪಾಲರ ಕೈಗೆ ತುರುಕಿ, ಕುರ್ಚಿ ಎಳೆದು, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿಸಿದಳು. ಅಧಿಕಾರಿಣಿ ನಿಟ್ಟುಸಿರುಬಿಟ್ಟು ಏನೇನೋ ಹೇಳತೊಡಗಿದರು. ವಾರ್ಡಮ್ಮನಿಗೆ ಒಂದೂ ಅರ್ಥವಾಗಲಿಲ್ಲ. ಆದರೂ ಹೂಂಗುಟ್ಟುತ್ತ ಮೊಣಕಾಲಿನ ಸುತ್ತ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಆಮೇಲೆ ನೆನಪಾಗಿ ಎದ್ದು, ತನ್ನ ಐದರಲ್ಲಿ ಎರಡು ಗುಂಡಿಗಳನ್ನು ಡಬ್ಬಿಗೆ ಹಾಕಿ ಬಂದಳು.

ಅಧಿಕಾರಿಣಿ ಮೇಷ್ಟ್ರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಕೇಳಿದರು: "ಇವರಿಗೆ ಇದನ್ನು ಕಲಿಸಿದವರು ನೀವೇನಾ?"

ಇಡೀ ಕೋಣೆ ಅವರತ್ತ ನೋಡಿತು. ಪ್ರಾಂಶುಪಾಲರು ಹೂಗುಚ್ಛದ ಮೇಲಿನಿಂದ ನೋಡಿದರು. ಮೇಷ್ಟ್ರ ತಲೆಯಲ್ಲಿ ಮೂರು ಸರಿಯಾದ ಉತ್ತರಗಳು ಸಾಲಾಗಿ ನಿಂತವು. ಗಂಟಲು ಕಟ್ಟಿತು. ಎಲ್ಲೋ ದೂರದಲ್ಲಿ ಒಂದು ತರಗತಿ ಹೊಟ್ಟೆ ಹಿಡಿದು ನಕ್ಕಿತು. ಬಲಗೈ ತಾನಾಗಿ ಮೇಲೆದ್ದು ಕಿವಿಯ ಕಡೆ ಹೊರಟಿತು, ಮುಟ್ಟಿಯೂ ಬಿಟ್ಟಿತು.

ಅದನ್ನು ವಾರ್ಡಮ್ಮ ನೋಡಿದಳು. ಇಪ್ಪತ್ತು ವರ್ಷ ವಾರ್ಡಿನಲ್ಲಿದ್ದವಳಿಗೆ ಬೆವೆತ ಹಣೆ, ಬಿಳುಚಿದ ತುಟಿ, ಕಿವಿ ಹಿಡಿದ ಕೈ ಇವಿಷ್ಟೇ ಸಾಕು. ಎದ್ದು ಅವರ ಹತ್ತಿರ ಬಂದಳು. ಬಾಯಲ್ಲಿ ಇನ್ನೂ ಬೆಚ್ಚಗಿದ್ದ ಆ ಮಾತೇ ಹೊರಬಂತು, ಪರಭಾಷೆಯಲ್ಲೇ.

"ಎಲ್ಲಿ ನೋವು?"

ಅದರಲ್ಲಿ ಗೇಲಿಯಿರಲಿಲ್ಲ. ಪರೀಕ್ಷೆಯಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಆ ಭಾಷೆಯಲ್ಲಿ ಅವರನ್ನು ಅವರಿಗಾಗಿ ಯಾರಾದರೂ ಒಂದು ಮಾತು ಕೇಳಿದ್ದು ಅದೇ ಮೊದಲು. ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಕೈ ಕಿವಿಯಿಂದ ಜಾರಿ ಕೆಳಗಿಳಿದು ಗಂಟಲ ಮೇಲೆ ನಿಂತಿತು.

"ಇಲ್ಲಿ" ಎಂದರು, ಅದೇ ಭಾಷೆಯಲ್ಲಿ.

ಒಡಕು ದನಿ. ಕೋಳಿ ಕತ್ತು ಹಿಸುಕಿದ ಹಾಗೇ ಇತ್ತು. ಯಾರೂ ನಗಲಿಲ್ಲ. ಪಿಂಚಣಿ ತಾತ ಮಾತ್ರ ಪಕ್ಕದವನನ್ನು, "ಇದು ನಮ್ಮ ಮೇಷ್ಟ್ರ ದನಿನಾ? ಇಷ್ಟು ದಿನ ಕೇಳಿರ್ಲೇ ಇಲ್ವಲ್ಲ" ಎಂದು ಪಿಸುದನಿಯಲ್ಲಿ ವಿಚಾರಿಸಿದರು.

ಮೇಷ್ಟ್ರು ಡಬ್ಬಿಯ ಹತ್ತಿರ ಹೋದರು. ಎಲ್ಲರಿಗೂ ಐದೈದು ಹಂಚಿದವರು ತಮಗೆಂದು ಒಂದನ್ನೂ ಇಟ್ಟುಕೊಂಡಿರಲಿಲ್ಲ. ತಮ್ಮ ಅಂಗಿಯ ಎರಡನೇ ಗುಂಡಿಯನ್ನು ಹಿಡಿದು ಜಗ್ಗಿದರು. ದಾರ ಸಮೇತ ಬಂತು. ಟಣ್.

ಅಧಿಕಾರಿಣಿ ಹೋಗುವ ಮುಂಚೆ ಸಂದರ್ಶಕರ ಪುಸ್ತಕದಲ್ಲಿ ಒಂದು ಸಾಲು ಬರೆದರು. ಪ್ರಾಂಶುಪಾಲರು ಅದನ್ನು ತಲೆಕೆಳಗು ಹಿಡಿದು, ನೆಟ್ಟಗೆ ಹಿಡಿದು, ಕೊನೆಗೆ ಮೇಷ್ಟ್ರಿಗೆ ಕೊಟ್ಟರು. "ನಾನು ನೋಡಿದ ತರಗತಿಗಳಲ್ಲಿ ನನ್ನ ಮೊಣಕಾಲನ್ನು ವಿಚಾರಿಸಿದ್ದು ಇದೊಂದೇ ಅಂತ ಬರ್ದಿದ್ದಾರೆ" ಎಂದರು ಮೇಷ್ಟ್ರು.

"ಇದು ಹೊಗಳಿಕೆನೋ, ದೂರೋ?"

ಪ್ರಾಂಶುಪಾಲರಿಗೆ ಕೊನೆಗೂ ತೀರ್ಮಾನವಾಗಲಿಲ್ಲ. ತೀರ್ಮಾನವಾಗದ್ದನ್ನು ಕಚೇರಿ ಮುಚ್ಚುವುದಿಲ್ಲ, ಕಡತಕ್ಕೆ ಸೇರಿಸುತ್ತದೆ. ತರಗತಿ ಉಳಿದದ್ದು ಹಾಗೆ. ಆದರೆ ಅಂದಿನ ರಿಜಿಸ್ಟರು ನೋಡಿ ಅವರು ಬೆಚ್ಚಿಬಿದ್ದರು. ಮೇಷ್ಟ್ರು ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಉರುಹೊಡೆದ ಗುಂಡಿಗಳನ್ನೆಲ್ಲ ಒಂದು ಕಡೆ ತಳ್ಳಿ, 'ಮೂರು' ಎಂದು ಬರೆದಿದ್ದರು.

"ಮೂರಾ? ಎಂಬತ್ತಮೂರು ಬರ್ತಿದ್ದ ಕ್ಲಾಸಿನಲ್ಲಿ ಮೂರಾ? ಮೇಲಿನವರಿಗೆ ಏನಂತ ಹೇಳ್ಲಿ? ಲಿಖಿತ ವಿವರಣೆ ಕೊಡಿ."

ಲಿಖಿತ ಎಂದರೆ ಮೇಷ್ಟ್ರಿಗೆ ಎಡಗೈ ಕೆಲಸ. ಮುತ್ತಿನಂಥ ಅಕ್ಷರದಲ್ಲಿ ನಾಲ್ಕು ಪುಟ ಬರೆದು ಏನನ್ನೂ ಹೇಳದೆ ಬಚಾವಾಗಬಹುದಿತ್ತು. ಪೆನ್ನು ತೆಗೆದರು. ಮತ್ತೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು.

"ಬಾಯಲ್ಲೇ ಹೇಳ್ತೀನಿ ಸಾರ್. ಸ್ವಲ್ಪ ಕೂತ್ಕೊಳ್ಳಿ, ಇಪ್ಪತ್ತೆರಡು ವರ್ಷದ್ದು ಇದೆ."

ಎಲ್ಲವನ್ನೂ ಹೇಳಿದರು, ಚಾಕಲೇಟಿನ ಸಮೇತ.

ಮನೆಗೆ ಬರುವಾಗ ಎಂದಿಗಿಂತ ಒಂದು ಗಂಟೆ ತಡವಾಗಿತ್ತು. ಹೆಂಡತಿ ಯಂತ್ರಕ್ಕೆ ಮುಸುಕು ಹಾಕುತ್ತಿದ್ದಳು.

"ಯಾಕ್ರೀ ಇಷ್ಟು ಹೊತ್ತು?"

"ಶಾಲೆ ಎದುರಿನ ಸ್ಟಾಪಿನಲ್ಲಿ ನಿಂತಿದ್ದೆ. ಮೂರು ಬಸ್ಸು ಬಿಟ್ಟೆ. ಯಾರಾದ್ರೂ ದಾರಿ ಕೇಳ್ತಾರೇನೋ ಅಂತ."

ಹೆಂಡತಿ ಮುಸುಕು ಹಿಡಿದ ಕೈ ನಿಲ್ಲಿಸಿದಳು. "ಕೇಳಿದ್ರಾ?"

"ಇಲ್ಲ."

"ನಾಳೆ ಕೇಳ್ತಾರೆ ಬಿಡಿ." ಅಷ್ಟರಲ್ಲಿ ಅವಳ ಕಣ್ಣು ಅಂಗಿಯ ಮೇಲೆ ಬಿತ್ತು. "ಇದೇನಿದು, ಎದೆ ಮೇಲಿನ ಗುಂಡಿ ಎಲ್ಲಿ?"

"ಡಬ್ಬೀಲಿದೆ" ಎಂದರು ಮೇಷ್ಟ್ರು. "ಇವತ್ತು ನಾನೂ ಒಂದು ಮಾತಾಡಿದೆ ಕಣೇ."

ಅವಳು ಮುಸುಕು ತೆಗೆದು ಪಕ್ಕಕ್ಕಿಟ್ಟು, ಸೂಜಿಗೆ ದಾರ ಪೋಣಿಸಿದಳು. ಗುಂಡಿ ಹಚ್ಚುವಾಗ ಎಂದಿನ ಹಾಗೆ ಬಿಗಿಯಾಗಿ ಹೊಲಿಯದೆ, ಬೇಕೆಂದಾಗ ಕಿತ್ತುಕೊಳ್ಳಲು ಬರುವ ಹಾಗೆ ಎರಡೇ ಸುತ್ತು ಹಾಕಿ ದಾರ ಕಡಿದಳು.